ಕೀಟದ ದಾಖಲೆ ಉಳಿದರೆ ಬೆಳೆ ಉಳಿದೀತು

2021ರ ಕೊನೆಯಲ್ಲಿ ಮೆಣಸಿನಕಾಯಿ ಹಾಕಿದ್ದವರಿಗೆ ಆ ಹಂಗಾಮು ಮರೆಯೋಕೆ ಆಗಲ್ಲ. ಆಂಧ್ರದ ಗುಂಟೂರು ಕಡೆ ಜೋರಾದ ಕಪ್ಪು ಥ್ರಿಪ್ಸ್ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಹೊಲಗಳಿಗೂ ಬಂತು. ನಮಗೆ ಗೊತ್ತಿದ್ದ ಥ್ರಿಪ್ಸ್ ಚಿಗುರು ಎಲೆಯ ರಸ ಹೀರಿ ಮುಟುರಿಸುತ್ತಿತ್ತು. ಇದು ಹೂವಿನೊಳಗೇ ಗುಂಪುಗಟ್ಟಿ ಕೂತು ಹೂ ಉದುರಿಸಿತು. ಹಳೇ ಥ್ರಿಪ್ಸ್ ಲೆಕ್ಕದಲ್ಲೇ ಔಷಧಿ ಹೊಡೆದವರು ಹೊಡೀತಾನೇ ಇದ್ರು, ಹೂ ಉದುರ್ತಾನೇ ಇತ್ತು.

ಆ ಕೀಟದ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಆಗ್ನೇಯ ಏಷ್ಯಾ ಕಡೆಯದು. ಇಲ್ಲೊಂದು ವಿಷಯ ಗಮನಿಸಿ: ಇದು ನಮ್ಮ ದೇಶದಲ್ಲಿ ಇದೆ ಅಂತ 2015ರಲ್ಲೇ ದಾಖಲಾಗಿತ್ತು. ಸಿಕ್ಕಿದ್ದು ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಿನಲ್ಲಿ, ಪಪ್ಪಾಯಿ ಗಿಡದ ಮೇಲೆ. ಮೆಣಸಿನಕಾಯಿ ಹೊಲ ಹಾಳಾಗೋದಕ್ಕೆ ಆರು ವರ್ಷ ಮೊದಲು.

ಆ ದಾಖಲೆಯಿಂದ ಒಂದು ಉಪಯೋಗ ಆಯ್ತು. ಗುಂಟೂರಿನ ಹೂವಿನಲ್ಲಿ ಸಿಕ್ಕಿದ್ದು ಯಾವ ಕೀಟ ಅಂತ ಕಂಡುಹಿಡಿಯೋಕೆ ವಿಜ್ಞಾನಿಗಳು ಅ ಆ ಇ ಈಯಿಂದ ಶುರು ಮಾಡಬೇಕಾಗಲಿಲ್ಲ. ಆದರೆ ದಾಖಲೆ ಇದ್ದೂ ಬೆಳೆ ಹೋಯ್ತಲ್ಲ? ಈ ವಾರ ಮಾತಾಡೋಣ ಅಂತಿರೋದು ಇದನ್ನೇ. ಜೀವಿಗಳ ಬಗ್ಗೆ ಜಗತ್ತು ಕೂಡಿಟ್ಟಿರೋ ಈ ಮಾಹಿತಿ ಎಲ್ಲಿದೆ, ಅದನ್ನ ಯಾರು ಕಾಯ್ತಿದ್ದಾರೆ, ಕಾಯೋರು ಇಲ್ಲದಿದ್ದರೆ ನಮ್ಮ ಹೊಲಕ್ಕೆ ಏನಾಗುತ್ತೆ, ಅದರಲ್ಲಿ ನಮ್ಮ ಪಾಲೇನು ಅನ್ನೋದನ್ನ ನೋಡೋಣ.

ಹೆಸರು ಗೊತ್ತಾದರೆ ಏನು ಸಿಗುತ್ತೆ?

ದಾಖಲೆ ಸರಿಯಾಗಿ ಕೆಲಸ ಮಾಡಿದ ಉದಾಹರಣೆ ಮೊದಲು ಹೇಳ್ತೀನಿ. ಪಪ್ಪಾಯಿ ಬೆಳೆದವರಿಗೆ ಹಿಟ್ಟು ತಿಗಣೆ ಗೊತ್ತೇ ಇದೆ. ಪಪ್ಪಾಯಿ ಹಿಟ್ಟು ತಿಗಣೆ ಭಾರತದಲ್ಲಿ ಮೊದಲು ಕಂಡಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ಮರಗೆಣಸಿಗೆ, ಹತ್ತಿಗೆ, ಹಿಪ್ಪುನೇರಳೆಗೆ ಹಬ್ಬಿತು. ಹಿಪ್ಪುನೇರಳೆ ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆ ಹುಳಾನೇ ಸಾಯುತ್ತೆ. ಹಾಗಾಗಿ ರೇಷ್ಮೆ ಬೆಳೆಗಾರರಿಗಂತೂ ಕೈಕಟ್ಟಿ ಹಾಕಿದ ಹಾಗಾಯ್ತು.

ಕೀಟದ ಹೆಸರು ಪಕ್ಕಾ ಆದಮೇಲೆ ಅದರ ಹಿಂದಿನ ಚರಿತ್ರೆಯೆಲ್ಲ ಕೈಗೆ ಸಿಕ್ಕಿತು. ಇದರ ಮಾದರಿಯನ್ನ ಮೆಕ್ಸಿಕೋದಲ್ಲಿ 1955ರಷ್ಟು ಹಿಂದೆಯೇ ಹಿಡಿದಿಟ್ಟಿದ್ದರು. 1992ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಂತು. ಕೆರಿಬಿಯನ್ ದ್ವೀಪಗಳಲ್ಲಿ ಅದು ಕಾಟ ಕೊಟ್ಟಾಗ, ಅದರ ಮೇಲೆ ಮೊಟ್ಟೆಯಿಟ್ಟು ಅದನ್ನೇ ತಿಂದು ಬದುಕೋ ಪುಟ್ಟ ಕಣಜಗಳನ್ನ ಮೆಕ್ಸಿಕೋದಲ್ಲಿ ಹುಡುಕಿದ್ದರು. ಅವುಗಳಲ್ಲಿ ಒಂದು ಅಸೆರೊಫಾಗಸ್ ಪಪಾಯೆ, ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಅದಕ್ಕೆ ಹೆಸರಿಟ್ಟಿದ್ದು 2003ರಲ್ಲಿ. 2010ರಲ್ಲಿ ನಮ್ಮ ಹೆಬ್ಬಾಳದ ಕೇಂದ್ರ ಸರ್ಕಾರಿ ಕೀಟ ಸಂಸ್ಥೆ, ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಇಂಥ ಮೂರು ಜಾತಿಯ ಪರತಂತ್ರ ಜೀವಿಗಳನ್ನ ಪೋರ್ಟೊರಿಕೊದಿಂದ ತರಿಸಿ, ಪರೀಕ್ಷೆ ಮಾಡಿ ಹೊಲಗಳಿಗೆ ಬಿಟ್ಟಿತು. ಅಸೆರೊಫಾಗಸ್ ನೆಲೆಯೂರಿದ ಕಡೆಯೆಲ್ಲ ಹಿಟ್ಟು ತಿಗಣೆ ಹತೋಟಿಗೆ ಬಂತು.

ಈ ಸರಪಳಿ ನೋಡಿ. 1955ರಲ್ಲಿ ಯಾರೋ ಒಂದು ಹುಳ ಹಿಡಿದು ಚೀಟಿ ಬರೆದು ಇಟ್ಟರು. ಆ ಮಾದರಿಯನ್ನ ಯಾರೋ ಕೆಡದ ಹಾಗೆ ಕಾಪಾಡಿದರು. ಮತ್ಯಾರೋ ಹೆಸರಿಟ್ಟರು, ಅದರ ಶತ್ರುಕೀಟವನ್ನ ಪಟ್ಟಿ ಮಾಡಿದರು. ಐವತ್ತೈದು ವರ್ಷ ಆದಮೇಲೆ ಅದರ ಫಲ ನಮ್ಮ ಹಿಪ್ಪುನೇರಳೆ ತೋಟಕ್ಕೆ ಬಂತು. ಮಧ್ಯೆ ಒಂದೇ ಒಂದು ಕೊಂಡಿ ತಪ್ಪಿದ್ದರೂ ಇನ್ನೆಷ್ಟು ವರ್ಷ ಬರೀ ಔಷಧಿ ಹೊಡೀತಿದ್ವೋ.

ಈ ದಾಖಲೆ ಇರೋದು ಎಲ್ಲಿ?

ಯಲಹಂಕದ ನಮ್ಮ ಪುಟ್ಟೇನಹಳ್ಳಿಯಿಂದ ಬಳ್ಳಾರಿ ರಸ್ತೆಗೆ ಬಂದು ಪೇಟೆ ಕಡೆ ಹೊರಟರೆ ಜಿಕೆವಿಕೆ ದಾಟಿ ಹೆಬ್ಬಾಳ ಸಿಗುತ್ತೆ. ಅಲ್ಲಿ ಎನ್‌ಬಿಎಐಆರ್ ಇದೆ, ಅಂದರೆ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಅದರ ಇನ್ನೊಂದು ಆವರಣ ಯಲಹಂಕದಲ್ಲೇ ಇದೆ. ಇದರ ಬೇರು 1957ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಒಂದು ಜೈವಿಕ ನಿಯಂತ್ರಣ ಕೇಂದ್ರದಲ್ಲಿದೆ. 1993ರಲ್ಲಿ ಅದು ಜೈವಿಕ ನಿಯಂತ್ರಣ ನಿರ್ದೇಶನಾಲಯ ಆಯ್ತು, 2009ರಲ್ಲಿ ಬ್ಯೂರೋ ಆಯ್ತು, ಈಗಿನ ಹೆಸರು ಬಂದಿದ್ದು 2014ರಲ್ಲಿ. ಇಲ್ಲಿ ಮೂರು ಥರದ ದಾಖಲೆ ಇದೆ.

ಒಂದು, ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿ ಇಟ್ಟ ಸತ್ತ ಕೀಟಗಳು. ಪ್ರತಿಯೊಂದರ ಕೆಳಗೂ ಊರು, ದಿನಾಂಕ, ಬೆಳೆ ಬರೆದ ಚೀಟಿ. ಎರಡು, ಜೀವಂತ ಕೀಟಗಳ ಸಾಕಣೆ. ನೀವು ಹೊಲಕ್ಕೆ ಕಟ್ಟೋ ಟ್ರೈಕೋಗ್ರಾಮ ಕಾರ್ಡ್ ಇದೆಯಲ್ಲ, ಅದರ ಮೂಲ ತಳಿ ಇಂಥ ಸಾಕಣೆಗಳಲ್ಲೇ ಉಳಿದುಕೊಂಡಿರೋದು. ಮನೇಲಿ ಹಸು ಕಟ್ಟಿದ ಹಾಗೆ ಇದೂ. ಹಬ್ಬಕ್ಕೆ ರಜೆ ಅಂತ ಮೇವು ಹಾಕದೆ ಬಿಡೋಕಾಗಲ್ಲ. ಮೂರು, ಕಂಪ್ಯೂಟರ್‌ನಲ್ಲಿರೋ ಮಾಹಿತಿ: ಚಿತ್ರ, ಹೆಸರು, ಡಿಎನ್‌ಎ.

ಈ ಡಿಎನ್‌ಎ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿ ಸಾಮಾನಿನ ಮೇಲೆ ಬಾರ್‌ಕೋಡ್ ಇರೋ ಹಾಗೆ, ಕೀಟದ ಡಿಎನ್‌ಎಯ ಒಂದು ತುಣುಕು ಓದಿದರೆ ಅದು ಯಾವ ಜಾತಿ ಅಂತ ಹೇಳಬಹುದು. ಸುಮಾರು 650 ಅಕ್ಷರದ ತುಣುಕು ಸಾಕು. ಮೊಟ್ಟೆ ಆಗಲಿ, ಮರಿಹುಳ ಆಗಲಿ, ಬರೀ ಕಾಲಾದರೂ ಆಗುತ್ತೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಸಿಕ್ಕಿದಾಗ, ಹುಳದ ಮೈಗುರುತಿನ ಜೊತೆಗೆ ಡಿಎನ್‌ಎ ಹೋಲಿಕೆಯೂ ಅದು ಅಮೆರಿಕ ಖಂಡದ ಹುಳ ಅನ್ನೋದನ್ನ ಖಚಿತ ಮಾಡಿತು.

ಆದರೆ ಹೋಲಿಸೋಕೆ ಮೊದಲೇ ಯಾರಾದರೂ ಓದಿ ಇಟ್ಟಿರಬೇಕಲ್ಲ? ಆ ಉಗ್ರಾಣವೇ ಜೆನ್‌ಬ್ಯಾಂಕ್. 1982ರಲ್ಲಿ ಅಮೆರಿಕದಲ್ಲಿ ಶುರುವಾಯ್ತು. ಯುರೋಪ್ ಮತ್ತು ಜಪಾನ್‌ನಲ್ಲೂ ಇಂಥದೇ ಉಗ್ರಾಣಗಳಿವೆ. ಮೂರೂ ದಿನದಿನವೂ ಮಾಹಿತಿ ಹಂಚಿಕೊಳ್ಳುತ್ತವೆ. ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು. ನಮ್ಮ ದೇಶದ್ದೇ ಆದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರ ನವೆಂಬರ್ 10ರಂದು ಹರಿಯಾಣದ ಫರೀದಾಬಾದ್‌ನಲ್ಲಿ ಉದ್ಘಾಟನೆ ಆಯ್ತು. ಅದರ ಸಾಮರ್ಥ್ಯ ಸುಮಾರು 4 ಪೆಟಾಬೈಟ್. ನಿಮ್ಮ ಕೈಲಿರೋ 128 ಜಿಬಿ ಫೋನ್‌ಗಳನ್ನ 31 ಸಾವಿರ ಜೋಡಿಸಿದರೆ ಅಷ್ಟಾಗುತ್ತೆ.

ಕಟ್ಟೋಕೆ ದುಡ್ಡಿದೆ, ಹೂಳು ತೆಗೆಯೋಕೆ ಇಲ್ಲ

ಇಷ್ಟೆಲ್ಲ ಇದೆಯಲ್ಲ, ಇನ್ನೇನು ಚಿಂತೆ ಅನ್ನಬಹುದು. ಕೆರೆ ಇರೋ ಊರಿನವರಿಗೆ ಇದರ ಉತ್ತರ ಗೊತ್ತು. ಏರಿ ಕಟ್ಟಿದ ದಿನಕ್ಕೆ ಕೆರೆ ಕೆಲಸ ಮುಗಿಯಲ್ಲ. ಹೂಳು ತೆಗೀಬೇಕು, ತೂಬು ನೋಡ್ಕೋಬೇಕು, ರಾಜಕಾಲುವೆ ಮುಚ್ಚದ ಹಾಗೆ ಕಾಯಬೇಕು. ಹಿಂದೆ ಅದಕ್ಕೇ ಅಂತ ನೀರಗಂಟಿ ಇರ್ತಿದ್ದ. ಜೈವಿಕ ಮಾಹಿತಿಯ ಕೆರೆಗೂ ನೀರಗಂಟಿ ಬೇಕು.

ಯಾಕೆ ಅಂದರೆ, ಮಾಹಿತಿ ಕೆಡುತ್ತೆ. ನೊಮೂರಿಯಾ ರಿಲೇಯಿ ಅನ್ನೋ ಶಿಲೀಂಧ್ರ ನೆನಪಿದೆಯಾ? ಸೋಯಾಬೀನ್, ಕಡಲೆ, ಮೆಕ್ಕೆಜೋಳದ ಹುಳುಗಳಿಗೆ ಬಳಸ್ತಾರಲ್ಲ, ಅದು. ಡಿಎನ್‌ಎ ನೋಡಿದಮೇಲೆ ಅದನ್ನ ಮೆಟಾರೈಜಿಯಂ ಗುಂಪಿಗೆ ಸೇರಿಸಿದರು. ಈಗದು ಮೆಟಾರೈಜಿಯಂ ರಿಲೇಯಿ. ಹಳೇ ಹೆಸರಲ್ಲಿ ದಶಕಗಳ ಪ್ರಯೋಗದ ಫಲಿತಾಂಶ ಇದೆ, ಹೊಸ ಹೆಸರಲ್ಲಿ ಹೊಸದು ಬರ್ತಾ ಇದೆ. ಎರಡೂ ಒಂದೇ ಅಂತ ಯಾರಾದರೂ ಕೂತು ಜೋಡಿಸದೇ ಹೋದರೆ, ಹೊಸ ಹೆಸರು ಮಾತ್ರ ಗೊತ್ತಿರೋ ಹುಡುಗನಿಗೆ ಹಳೆಯದೆಲ್ಲ ಕಳೆದುಹೋದ ಹಾಗೇ. ತಪ್ಪು ಹೆಸರಿನಲ್ಲಿ ಸೇರಿದ ಡಿಎನ್‌ಎಯೂ ಉಗ್ರಾಣಗಳಲ್ಲಿ ಇರುತ್ತೆ. ಅದನ್ನ ತಿದ್ದೋಕೆ ಮೂಲ ಕೀಟವನ್ನೇ ಮತ್ತೆ ನೋಡಬೇಕು. ಹಾಗಾಗಿ ಕಂಪ್ಯೂಟರ್ ಬಂತು ಅಂತ ಪೆಟ್ಟಿಗೆಯ ಕೀಟ ಬಿಸಾಡೋ ಹಾಗಿಲ್ಲ.

ಈ ಕೆಲಸ ಮಾಡೋರು ಸಂಬಳ ತಗೊಳ್ಳೋ ಮನುಷ್ಯರು. ಆದರೆ ಸಂಶೋಧನೆಗೆ ದುಡ್ಡು ಬರೋದು ಸಾಮಾನ್ಯವಾಗಿ ಮೂರು ವರ್ಷ, ಐದು ವರ್ಷದ ಯೋಜನೆಯಾಗಿ. ಹೊಸದು ಮಾಡ್ತೀವಿ ಅಂದರೆ ಹಣ ಸಿಗುತ್ತೆ. ಇರೋದನ್ನ ಉಳಿಸ್ತೀವಿ ಅಂದರೆ ಕಷ್ಟ. ಇದು ಬಡ ದೇಶದ ಸಮಸ್ಯೆ ಅಂದುಕೋಬೇಡಿ.

ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಕಳೆಗಿಡ ಇದೆ. ಗಿಡಗಳ ಜೀನ್ ಬಗ್ಗೆ ನಮಗೆ ತಿಳಿದಿರೋದರಲ್ಲಿ ಬಹಳಷ್ಟು ಈ ಗಿಡದಿಂದ ಕಲಿತದ್ದು. ಅದರ ಮಾಹಿತಿಯೆಲ್ಲ ಇರೋ ಟೇರ್ ಅನ್ನೋ ಡೇಟಾಬೇಸ್‌ಗೆ ಅಮೆರಿಕ ಸರ್ಕಾರದ ವಿಜ್ಞಾನ ನಿಧಿ ಹಣ ಕೊಡ್ತಿತ್ತು. ಅದು ನಿಂತಾಗ, 2013ರಿಂದ ಅವರು ಒಂದು ಲಾಭರಹಿತ ಸಂಸ್ಥೆ ಮಾಡಿಕೊಂಡು ವಿಶ್ವವಿದ್ಯಾಲಯಗಳಿಂದ ಚಂದಾ ಎತ್ತಿ ನಡೆಸ್ತಿದ್ದಾರೆ. ಹೊಸ ಮಾಹಿತಿ ಮೊದಲು ಚಂದಾದಾರರಿಗೆ; ಒಂದು ವರ್ಷ ಆದಮೇಲೆ ಎಲ್ಲರಿಗೂ ಬಿಡ್ತಾರೆ.

ಇನ್ನೊಂದು ಫ್ಲೈಬೇಸ್. ಬಾಳೆಹಣ್ಣು ಕಳಿತರೆ ಸುತ್ತ ಹಾರೋ ಚಿಕ್ಕ ನೊಣ ಇದೆಯಲ್ಲ, ಆ ಡ್ರೊಸೊಫಿಲ ನೊಣದ ಜೀನ್‌ಗಳ ಖಾತೆ ಅದು. ಕೀಟನಾಶಕಕ್ಕೆ ಕೀಟ ಹೇಗೆ ಬಗ್ಗದಂತಾಗುತ್ತೆ ಅನ್ನೋದರ ಬಗ್ಗೆ ಈ ನೊಣದಿಂದ ತುಂಬಾ ತಿಳಿದಿದೆ. 2025ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬರ್ತಿದ್ದ ಸರ್ಕಾರಿ ಅನುದಾನ ನಿಂತಿತು. ಮೂವತ್ತು ವರ್ಷಕ್ಕೂ ಹಳೆಯದಾದ ಫ್ಲೈಬೇಸ್ ಬಳಸೋರ ಹತ್ತಿರವೇ ದೇಣಿಗೆ ಕೇಳಬೇಕಾಯ್ತು.

ನಮಗೆ ತೀರಾ ಹತ್ತಿರದ್ದು ಮೂರನೇದು. ಟ್ರೈಕೋಗ್ರಾಮ, ಪಪ್ಪಾಯಿ ತಿಗಣೆಯ ಅಸೆರೊಫಾಗಸ್, ಇವೆಲ್ಲ ಕ್ಯಾಲ್ಸಿಡ್ ಅನ್ನೋ ದೊಡ್ಡ ಗುಂಪಿನ ಕಣಜಗಳು. ಯಾವ ಕಣಜ ಯಾವ ಕೀಟದ ಮೇಲೆ ಬದುಕುತ್ತೆ, ಯಾವ ದೇಶದಲ್ಲಿದೆ ಅನ್ನೋದಕ್ಕೆ ಜಗತ್ತಿಗೆಲ್ಲ ಒಂದು ಡೇಟಾಬೇಸ್ ಇದೆ. ಅದನ್ನ ದಶಕಗಳ ಕಾಲ ಕಟ್ಟಿ ಬೆಳೆಸಿದ್ದು ಲಂಡನ್ನಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನ ಜಾನ್ ನೊಯೆಸ್. 2003ರಲ್ಲಿ ಅಸೆರೊಫಾಗಸ್ ಪಪಾಯೆಗೆ ಹೆಸರಿಟ್ಟ ಇಬ್ಬರಲ್ಲಿ ಅವರೂ ಒಬ್ಬರು. ಇಷ್ಟು ಮುಖ್ಯವಾದ ಖಾತೆ ಬಹುಮಟ್ಟಿಗೆ ಒಬ್ಬರ ಶ್ರಮದ ಮೇಲೆ ನಿಂತಿತ್ತು. ಈಗ ಅದನ್ನ ಟ್ಯಾಕ್ಸನ್‌ವರ್ಕ್ಸ್ ಅನ್ನೋ ಹೊಸ ವ್ಯವಸ್ಥೆಗೆ ಸಾಗಿಸಿ, ಹಲವಾರು ತಜ್ಞರು ಸೇರಿ ನೋಡ್ಕೊಳ್ತಿದ್ದಾರೆ. ಒಳ್ಳೇದಾಯ್ತು. ಆದರೆ ಎಲ್ಲ ಖಾತೆಗೂ ಇಂಥ ವಾರಸುದಾರರು ಸಿಗಲ್ಲ.

ಇದನ್ನ ಮನಗಂಡೇ ಹಲವು ದೇಶಗಳ ಅನುದಾನ ಸಂಸ್ಥೆಗಳು ಸೇರಿ ಗ್ಲೋಬಲ್ ಬಯೋಡೇಟಾ ಕೋಯಲಿಷನ್ ಅಂತ ಒಂದು ಕೂಟ ಮಾಡಿಕೊಂಡಿವೆ. 2022ರ ಡಿಸೆಂಬರ್‌ನಲ್ಲಿ ಅದು 37 ಡೇಟಾಬೇಸ್‌ಗಳನ್ನ ಹೆಸರಿಸಿ, ಇವು ನಿಂತರೆ ಜೀವ ವಿಜ್ಞಾನವೇ ನಿಲ್ಲುತ್ತೆ, ಇವಕ್ಕೆ ದೀರ್ಘಾವಧಿ ಹಣದ ವ್ಯವಸ್ಥೆ ಆಗಬೇಕು ಅಂದಿತು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮಲ್ಲೂ ಕೀಟದ ಪೆಟ್ಟಿಗೆ, ಜೀವಂತ ಸಾಕಣೆ, ಬೀಜದ ಕೋಠಿ, ಡೇಟಾಬೇಸ್ ಇವುಗಳ ನಿರ್ವಹಣೆಗೆ ಪ್ರತಿ ವರ್ಷದ ಬಜೆಟ್‌ನಲ್ಲಿ ಖಾಯಂ ಸಾಲು ಇರಬೇಕು. ಯೋಜನೆ ಮುಗಿಯಿತು, ಸಿಬ್ಬಂದಿ ಹೋದರು, ವೆಬ್‌ಸೈಟ್ ತೆರೆಯಲ್ಲ ಅನ್ನೋ ಹಾಗೆ ಆಗಬಾರದು. ರೈತರ ಸಭೆಗಳಲ್ಲಿ ಬೆಂಬಲ ಬೆಲೆ, ವಿದ್ಯುತ್ ಜೊತೆಗೆ ಈ ಮಾತನ್ನೂ ಕೇಳೋದು ನಮ್ಮ ಹಕ್ಕು.

ಎರಡು ಪುಟ್ಟೇನಹಳ್ಳಿ

ಈಗ ನಮ್ಮ ಪಾಲಿನ ಕೆಲಸಕ್ಕೆ ಬರೋಣ. 2015ರ ಥ್ರಿಪ್ಸ್ ದಾಖಲೆಗೂ 2021ರ ಹೊಲಕ್ಕೂ ಮಧ್ಯೆ ಆರು ವರ್ಷದ ಖಾಲಿ ಜಾಗ ಇತ್ತಲ್ಲ, ಅದನ್ನ ತುಂಬಬಲ್ಲವರು ದಿನಾ ಹೊಲಕ್ಕೆ ಹೋಗೋ ನಾವು. ವಿಜ್ಞಾನಿಗಳು ಊರೂರಿಗೂ ಬರೋಕಾಗಲ್ಲ. ಆದರೆ ನಾವು ಕೊಡೋ ಮಾಹಿತಿ ಖಾತೆಗೆ ಸೇರೋ ಹಾಗಿರಬೇಕು.

ಒಂದು ಉದಾಹರಣೆ. ಬೆಂಗಳೂರಲ್ಲಿ ಪುಟ್ಟೇನಹಳ್ಳಿ ಎರಡಿದೆ. ಒಂದು ಯಲಹಂಕದ ನಮ್ಮದು, ಇನ್ನೊಂದು ಜೆಪಿ ನಗರದ ಕಡೆಯದು. ಎರಡೂ ಕಡೆ ಕೆರೆ ಇದೆ, ಎರಡೂ ಕೆರೆಗೆ ಹಕ್ಕಿ ನೋಡೋರು ಬರ್ತಾರೆ. ನಮ್ಮದು ಪಕ್ಷಿ ಸಂರಕ್ಷಣಾ ಮೀಸಲು. ಒಂದು ಕೀಟದ ಡಬ್ಬಿ ಮೇಲೆ ಬರೀ ‘ಪುಟ್ಟೇನಹಳ್ಳಿ, ಬೆಂಗಳೂರು’ ಅಂತ ಬರೆದರೆ ಇಪ್ಪತ್ತು ವರ್ಷ ಆದಮೇಲೆ ಅದನ್ನ ತೆರೆದವರು ಊರಿನ ಯಾವ ತುದಿಗೆ ಹೋಗಬೇಕು? ಕೀಟ ಸಿಕ್ಕಿದ್ದೂ ನಿಜ, ಬರೆದದ್ದೂ ನಿಜ, ಆದರೆ ದಾಖಲೆ ಉಪಯೋಗಕ್ಕಿಲ್ಲ. ಹಾಗಾಗಿ ಈ ಕೆಳಗಿನದನ್ನ ರೂಢಿ ಮಾಡಿಕೊಳ್ಳಿ.

1. ಫೋಟೋ: ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಇರಲಿ. ಮೂರು ಫೋಟೋ ಬೇಕು: ಇಡೀ ಗಿಡ, ಹಾನಿಯಾದ ಭಾಗ, ಕೀಟ ಹತ್ತಿರದಿಂದ. ಅಳತೆ ತಿಳಿಯೋಕೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ.

2. ಕಳಿಸೋದು: ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಚಿತ್ರ ಕುಗ್ಗುತ್ತೆ, ಲೊಕೇಶನ್ ಮಾಹಿತಿಯೂ ಹೋಗುತ್ತೆ. ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಿ.

3. ಮಾದರಿ: ಗುರುತು ಸಿಗದ ಹುಳ ಕಂಡರೆ ಔಷಧಿ ಹೊಡೆಯೋ ಮೊದಲು ಹತ್ತಿಪ್ಪತ್ತು ಹಿಡಿಯಿರಿ. ಥ್ರಿಪ್ಸ್, ತಿಗಣೆ, ಮರಿಹುಳದಂಥ ಮೆತ್ತನೆ ಕೀಟಗಳನ್ನ ಸಣ್ಣ ಬಾಟಲಿಯಲ್ಲಿ ಆಲ್ಕೋಹಾಲ್‌ಗೆ ಹಾಕಿ. ಯಾವ ಆಲ್ಕೋಹಾಲ್, ಎಷ್ಟು ಅನ್ನೋದನ್ನ ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲೇ ಕೇಳಿಕೊಂಡು ಒಂದೆರಡು ಬಾಟಲಿ ಮನೇಲಿ ಇಟ್ಟಿರಿ. ಜೀರುಂಡೆಯಂಥ ಗಟ್ಟಿ ಕೀಟಗಳನ್ನ ಒಣಗಿಸಿ ಡಬ್ಬಿಗೆ ಹಾಕಬಹುದು.

4. ಚೀಟಿ: ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್ ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿ ಹೋಗುತ್ತೆ. ಊರು, ಹೋಬಳಿ, ತಾಲೂಕು, ದಿನಾಂಕ, ಬೆಳೆ ಮತ್ತು ತಳಿ, ಗಿಡದ ಯಾವ ಭಾಗದಲ್ಲಿ ಸಿಕ್ಕಿತು, ಹಿಡಿದವರ ಹೆಸರು. ಮ್ಯಾಪ್‌ನ ಅಕ್ಷಾಂಶ ರೇಖಾಂಶ ಬರೆದರೆ ಎರಡು ಪುಟ್ಟೇನಹಳ್ಳಿಯ ಗೊಂದಲವೇ ಇಲ್ಲ.

5. ತಲುಪಿಸೋದು: ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ‘ಇದನ್ನ ಮಾದರಿಯಾಗಿ ಇಟ್ಟುಕೊಳ್ತೀರಾ, ಯಾವ ಜಾತಿ ಅಂತ ಗೊತ್ತಾದರೆ ನನಗೆ ತಿಳಿಸ್ತೀರಾ’ ಅಂತ ಕೇಳಿ. ಗೊತ್ತಾದ ಹೆಸರನ್ನ ನಿಮ್ಮ ಊರಿನ ಗ್ರೂಪಿಗೂ ಹಾಕಿ.

6. ಆನ್‌ಲೈನ್ ದಾಖಲೆ: ಐನ್ಯಾಚುರಲಿಸ್ಟ್ ಆ್ಯಪ್ ಅಥವಾ 2008ರಿಂದ ನಡೀತಿರೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಫೋಟೋ ಏರಿಸಿ. ಗುರುತು ಹೇಳೋಕೆ ಬಲ್ಲವರು ಇರ್ತಾರೆ, ದಾಖಲೆಯೂ ಉಳಿಯುತ್ತೆ. ವಾಟ್ಸ್ಆ್ಯಪ್ ಗ್ರೂಪಿನ ಫೋಟೋ ಫೋನ್ ಬದಲಾಯಿಸಿದ ದಿನ ಹೋಗುತ್ತೆ.

ಇನ್ನೊಂದು ಮಾತು. ಫೋಟೋ ತೆಗೆದ ಕೂಡಲೇ ರೋಗ, ಕೀಟದ ಹೆಸರು ಹೇಳೋ ಆ್ಯಪ್‌ಗಳು ನಿಮ್ಮಲ್ಲಿ ಸುಮಾರು ಜನರ ಫೋನಲ್ಲಿವೆ. ಆ ಆ್ಯಪ್ ಹೊಲದ ಹುಳವನ್ನ ತಾನಾಗಿ ಬಲ್ಲದು ಅಂತಲ್ಲ. ಹಿಂದೆ ಯಾರೋ ಹೆಸರು ಹೇಳಿದ ಸಾವಿರಾರು ಚಿತ್ರದ ಜೊತೆ ನಿಮ್ಮದನ್ನ ಹೋಲಿಸುತ್ತೆ ಅಷ್ಟೇ. ಇವತ್ತಷ್ಟೇ ದೇಶಕ್ಕೆ ಬಂದ ಹೊಸ ಕೀಟದ ಚಿತ್ರ ಅದರಲ್ಲಿ ಇರಲ್ಲ. ಆಗ ಅದು ಹಳೇ ಕೀಟದ ಹೆಸರನ್ನೇ ಹೇಳಬಹುದು, ನೀವು ಹಳೇ ಔಷಧಿಯನ್ನೇ ಹೊಡೀಬಹುದು. ಆ್ಯಪ್ ಹೇಳಿದ್ದಕ್ಕೂ ಹೊಲದಲ್ಲಿ ಕಾಣ್ತಿರೋದಕ್ಕೂ ತಾಳೆ ಆಗ್ತಿಲ್ಲ ಅಂದರೆ, ಬಾಟಲಿ ಹಿಡಿದು ಹೊರಡಿ.

ನಿಮ್ಮ ಪಂಚಾಯ್ತಿಯಲ್ಲೂ ಒಂದು ಖಾತೆ ಇದೆ

2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಬೆಳೆ, ತಳಿ, ಮರ, ಪ್ರಾಣಿ, ಔಷಧಿ ಸಸ್ಯಗಳ ಜನತಾ ಜೀವವೈವಿಧ್ಯ ದಾಖಲಾತಿ ಬರೆಸಬೇಕು. ಇಂಥ ದಾಖಲಾತಿಯ ಕಲ್ಪನೆ ಬೆಳೆಸಿದವರಲ್ಲಿ ಪ್ರಮುಖರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್. ಜಗತ್ತಿನ ದೊಡ್ಡ ಡೇಟಾಬೇಸ್‌ಗಳಿಗೆ ಇರೋ ಕಷ್ಟವೇ ಇದಕ್ಕೂ ಇದೆ. ಒಂದ್ಸಲ ಬರೆದು ಬೀರುವಿನಲ್ಲಿ ಇಟ್ಟರೆ ಐದು ವರ್ಷಕ್ಕೆ ಹಳತಾಗುತ್ತೆ. ನಿಮ್ಮ ಅಜ್ಜ ಬಿತ್ತುತ್ತಿದ್ದ ರಾಗಿ ತಳಿ ಅದರಲ್ಲಿದೆಯಾ? ಹೋದ ವರ್ಷ ಬದುವಿನಲ್ಲಿ ಹೊಸದಾಗಿ ಕಂಡ ಕಳೆ ಸೇರಿದೆಯಾ?

ಈ ವಾರ ಪಂಚಾಯ್ತಿ ಕಡೆ ಹೋದಾಗ ಆ ಪುಸ್ತಕ ತೋರಿಸಿ ಅಂತ ಕೇಳಿ. ಬಿಟ್ಟುಹೋದದ್ದು ಏನಾದರೂ ಕಂಡರೆ ಬರೆಸಿ, ದಿನಾಂಕ ಹಾಕಿಸಿ. ಮನೆಗೆ ಬಂದಮೇಲೆ ಒಂದು ಖಾಲಿ ಬಾಟಲಿ, ಒಂದು ಪೆನ್ಸಿಲ್ ತೋಟದ ಶೆಡ್ಡಿನಲ್ಲಿ ಇಡಿ. ಮುಂದಿನ ಹೊಸ ಹುಳ ಯಾರ ಹೊಲದಲ್ಲಿ ಮೊದಲು ಇಳಿಯುತ್ತೋ ಹೇಳೋಕಾಗಲ್ಲ, ನಿಮ್ಮದೇ ಆಗಿರಬಹುದು.